ಪಣಜಿಗೆ ಹೋಗದ ವರ್ಷ

ನಮ್ಮ ಮನೆಯಲ್ಲಿ ಅವ್ವನಿಗೆಂದು ಒಂದು ಮೂಲೆಯೂ ಇರಲಿಲ್ಲ. ಹಳೇ ಹುಬ್ಬಳ್ಳಿಯ ಆ ಮನೆಯ ಪಡಸಾಲೆ ಆಯಿಯದು. ಅಪ್ಪನ ತಾಯಿಯಾದ ಆಕೆ ಬೆಳಿಗ್ಗೆ ಗೋಡೆಗೆ ಬೆನ್ನು ಕೊಟ್ಟು ಕೂತರೆ ಊಟದ ತಾಟೂ ಅಲ್ಲಿಗೇ ಹೋಗಬೇಕು. ನಡುವಿನ ಕೋಣೆ ಅಪ್ಪನದು. ಅಲ್ಲಿ ಅವನ ಟ್ರಂಕು, ಅವನ ರೇಡಿಯೊ, ಅವನ ಮಂಚ. ದೇವರ ಕೋಣೆ ದೇವರದು. ಉಳಿದದ್ದು ಅಡುಗೆಮನೆ. ಅದನ್ನು ಎಲ್ಲರೂ ಅವ್ವನದು ಅನ್ನುತ್ತಿದ್ದರು, ಆದರೆ ಅಲ್ಲಿ ಏನು ಬೇಯಬೇಕೆಂದು ಹೇಳುತ್ತಿದ್ದವಳು ಪಡಸಾಲೆಯಲ್ಲಿ ಕೂತ ಆಯಿ. ಅವ್ವ ಒಂದು ಕನ್ನಡ ಪ್ರಾಥಮಿಕ ಶಾಲೆಯಲ್ಲಿ ಕಲಿಸುತ್ತಿದ್ದಳು. ಮಕ್ಕಳ ನೋಟ್‌ಬುಕ್ಕುಗಳನ್ನು ಬಚ್ಚಲಿನ ಹೊಸ್ತಿಲ ಮೇಲೆ ಕೂತು ತಿದ್ದುತ್ತಿದ್ದಳು, ಏಕೆಂದರೆ ಸಂಜೆಯ ಬೆಳಕು ಹಿತ್ತಲಿನಿಂದ ಅಲ್ಲಿಗೆ ಮಾತ್ರ ಬೀಳುತ್ತಿತ್ತು. ಯಾರಾದರೂ ಕೈಕಾಲು ತೊಳೆಯಲು ಬಂದರೆ ನೋಟ್‌ಬುಕ್ಕುಗಳನ್ನು ಎದೆಗವಚಿಕೊಂಡು ಎದ್ದು ನಿಲ್ಲುವಳು. ಅವರು ಹೋದ ಮೇಲೆ ಒದ್ದೆಯಾದ ಹೊಸ್ತಿಲನ್ನು ಸೆರಗಿನಿಂದ ಒರೆಸಿ ಮತ್ತೆ ಕೂರುವಳು. ಇದನ್ನು ಆ ಮನೆಯಲ್ಲಿ ಯಾರೂ ಕಷ್ಟವೆಂದು ಎಣಿಸಿರಲಿಲ್ಲ. ನಾನೂ ಎಣಿಸಿರಲಿಲ್ಲ.

ನೀರು ಎಂಟು ದಿನಕ್ಕೊಮ್ಮೆ ಬರುತ್ತಿತ್ತು, ಬೇಸಿಗೆಯಲ್ಲಿ ಹತ್ತು ದಿನವೂ ಆಗುತ್ತಿತ್ತು. ಬರುವ ದಿನ ಓಣಿಗೆಲ್ಲ ಗೊತ್ತಿದ್ದರೂ ಬರುವ ಹೊತ್ತು ಯಾರಿಗೂ ಗೊತ್ತಿರುತ್ತಿರಲಿಲ್ಲ. ನಳದ ಬಾಯಿ ಗೊರ್ರೆಂದ ಕೂಡಲೇ ಹಂಡೆ, ಕೊಡ, ಬಕೆಟ್ಟು, ತಪ್ಪೇಲಿ, ಕಡೆಗೆ ಹಿಟ್ಟಿನ ಡಬ್ಬಿಯೂ ಖಾಲಿಯಾಗಿ ಸಾಲಿಗೆ ಬಂದು ನಿಲ್ಲುತ್ತಿತ್ತು. ಇಪ್ಪತ್ತು ರೊಟ್ಟಿ ಬಡಿದು, ಆಯಿಗೆ ಬಿಸಿನೀರು ಇಟ್ಟು, ಶಾಲೆಗೆ ಹೊರಟ ಅವ್ವ ನೀರಿನ ಸಪ್ಪಳ ಕೇಳಿದರೆ ಚಪ್ಪಲಿ ಬಿಟ್ಟು ಸೀರೆ ಎತ್ತಿ ಕಟ್ಟಬೇಕು. ಅಂಥ ದಿನ ಅವಳು ಶಾಲೆಗೆ ತಡವಾಗಿ ಹೋಗಿ ಮುಖ್ಯೋಪಾಧ್ಯಾಯರ ಮಾತು ಕೇಳಿ ಬರುತ್ತಿದ್ದಳು. ಎದುರು ಮಾತಾಡುವ ಹಾಗಿರಲಿಲ್ಲ. ಹನ್ನೆರಡು ವರ್ಷ ಕಲಿಸಿದರೂ ಆಕೆಯದು ಕಾಯಂ ನೌಕರಿಯಲ್ಲ. ಪ್ರತಿ ಜೂನಿನಲ್ಲಿ 'ಮುಂದಿನ ವರ್ಷ ನೋಡೂಣ್ರಿ ಅಕ್ಕೋರ' ಅನ್ನುತ್ತಿದ್ದರು. ಶಾಲೆಯ ಮಕ್ಕಳು ಮಾತ್ರ ಕಸ್ತೂರಿ ಅಕ್ಕೋರು ಎಂದರೆ ಪ್ರಾಣ ಬಿಡುತ್ತಿದ್ದವು.

ಅಪ್ಪ ಅಮರಗೋಳದ ಮಾರುಕಟ್ಟೆಯಲ್ಲಿ ಒಬ್ಬ ದಲಾಲರ ಹತ್ತಿರ ಒಣಮೆಣಸಿನಕಾಯಿ ನೋಡುವ ಕೆಲಸದಲ್ಲಿದ್ದ. ನೋಡುವುದೆಂದರೆ ನೋಡುವುದೇ. ಚೀಲದೊಳಗೆ ಕೈ ಹಾಕಿ ಒಂದು ಹಿಡಿ ತೆಗೆದು, ಬಣ್ಣ ನೋಡಿ, ಮುರಿದು, ಮೂಸಿ, ಇದು ಇಂಥ ಮಾಲು ಎಂದು ಹೇಳುವುದು. ಅವನ ಮಾತಿನ ಮೇಲೆ ಲಿಲಾವಿನ ಕೂಗು, ಬೆಲೆ ಏರುತ್ತಿತ್ತು. ಅಲ್ಲಿ ಅವನಿಗೆ ಎಲ್ಲರೂ ನಮಸ್ಕಾರ ಹೊಡೆಯುತ್ತಿದ್ದರು. ಮನೆಗೆ ಬಂದಾಗ ಅವನ ಅಂಗಿಯ ಘಾಟಿಗೆ ನಾವೆಲ್ಲ ಸೀನುತ್ತಿದ್ದೆವು. ಅಂಗಿ ಹಿತ್ತಲಿನಲ್ಲೇ ಬಿಚ್ಚಬೇಕು, ಎಣ್ಣೆ ಹಚ್ಚಿ ಕೈ ತಿಕ್ಕಿಕೊಳ್ಳುವವರೆಗೆ ನನ್ನನ್ನು ಮುಟ್ಟಬಾರದು. ಹಾಗೆ ಕೈ ತಿಕ್ಕಿಕೊಳ್ಳುತ್ತ ಅವನು ನನ್ನ ಜೊತೆ ಮಾತಾಡುತ್ತಿದ್ದ ಹೊತ್ತೇ ನನಗೆ ದಿನದಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು. ನಾನು ಅಪ್ಪನ ಮಗಳು ಎಂದು ಓಣಿಯೇ ಹೇಳುತ್ತಿತ್ತು.

ನಾನು ಏಳನೆಯ ಇಯತ್ತೆಯಲ್ಲಿದ್ದಾಗ ಅವ್ವನಿಗೆ ಪಣಜಿಯಿಂದ ಪತ್ರ ಬಂತು. ನಮ್ಮ ಕಡೆಯಿಂದ ಗೋವಾಕ್ಕೆ ಗೌಂಡಿ ಕೆಲಸಕ್ಕೆ ಹೋದವರ ಮಕ್ಕಳಿಗಾಗಿ ಅಲ್ಲೊಂದು ಸಣ್ಣ ಕನ್ನಡ ಶಾಲೆ ಇತ್ತು. ಅದನ್ನು ನಡೆಸುತ್ತಿದ್ದ ಹಿರೇಮಠ ಮಾಸ್ತರರು ಧಾರವಾಡದ ಒಂದು ತರಬೇತಿ ಶಿಬಿರದಲ್ಲಿ ಅವ್ವ ಪಾಠ ಮಾಡಿದ್ದನ್ನು ನೋಡಿದ್ದರು. ನಮ್ಮ ಶಾಲೆಗೆ ಮುಖ್ಯೋಪಾಧ್ಯಾಯಿನಿಯಾಗಿ ಬನ್ನಿ, ಕಾಯಂ ನೌಕರಿ, ದಸರಾ ಸೂಟಿಯಲ್ಲಿ ಒಮ್ಮೆ ಬಂದು ಊರನ್ನೂ ಶಾಲೆಯನ್ನೂ ನೋಡಿ ಹೋಗಿ ಎಂದು ಬರೆದಿದ್ದರು. ಅವ್ವ ಆ ಪತ್ರವನ್ನು ಅಪ್ಪನ ಕೈಗೆ ಕೊಟ್ಟು ಅಡುಗೆಮನೆಗೆ ಹೋದಳು. ಅಪ್ಪ ಎರಡು ಸಲ ಓದಿ, ನಕ್ಕು, ನನಗೆ ಹೇಳಿದ:

"ನಿಮ್ಮವ್ವ ದೊಡ್ಡ ಮನಷ್ಯಾಳಾದ್ಲ ನೋಡ. ನಡೀರಿ, ಸಮುದ್ರರೇ ನೋಡಿ ಬರೂಣು."

ಆ ನಗು ಖರೇ ಆಗಿತ್ತು. ಈಗಲೂ ನಾನು ಹಾಗೇ ನಂಬುತ್ತೇನೆ.

ಅನಮೋಡ ಘಟ್ಟ ಇಳಿಯುವಾಗ ನಾನು ಎರಡು ಸಲ ವಾಂತಿ ಮಾಡಿಕೊಂಡೆ. ಪಣಜಿಯಲ್ಲಿ ಇಳಿದಾಗ ಅವ್ವನ ಸೀರೆಯ ನೆರಿಗೆಗೆಲ್ಲ ನನ್ನ ಗುರುತಿತ್ತು, ಆದರೂ ಅವಳ ಮುಖ ನಾನು ಹಿಂದೆಂದೂ ನೋಡದ ಮುಖವಾಗಿತ್ತು. ಶಾಲೆ ಎಂದರೆ ಮೂರು ಕೋಣೆ, ಒಂದು ಗಂಟೆ, ಒಂದು ಹಲಸಿನ ಮರ. ಸೂಟಿಯಿದ್ದರೂ ಮಾಸ್ತರರು ಹತ್ತಾರು ಮಕ್ಕಳನ್ನು ಕೂಡಿಸಿದ್ದರು. ಗದಗ, ಬಾಗಲಕೋಟೆ, ಕುಷ್ಟಗಿ ಕಡೆಯ ಮಕ್ಕಳು. ಸಿಮೆಂಟು ಹತ್ತಿದ ಕಾಲಿನವು. ಅವ್ವ ಸುಮ್ಮನೆ ನಿಲ್ಲಲಾರದೆ ಖಡು ಕೈಗೆ ತೆಗೆದುಕೊಂಡು ಅವಕ್ಕೆ ಹಲಗೆಯ ಮೇಲೆ ಒಂದು ಒಗಟು ಬರೆದು ಹಾಕಿದಳು. ಅರ್ಧ ತಾಸಿನಲ್ಲಿ ಆ ಮಕ್ಕಳು ಅವಳ ಸುತ್ತ ಗುಂಪುಗೂಡಿ ಬಿಟ್ಟಿದ್ದವು. ನಾನು ಹಿಂದಿನ ಬಾಕಿನ ಮೇಲೆ ಅಪ್ಪನ ಪಕ್ಕಕ್ಕೆ ಇನ್ನಷ್ಟು ಸರಿದು ಕೂತೆ. ಆಮೇಲೆ ಸಮುದ್ರಕ್ಕೆ ಹೋದೆವು. ಅವ್ವ ಚಪ್ಪಲಿ ಕೈಯಲ್ಲಿ ಹಿಡಿದು ಹಿಮ್ಮಡಿ ಮುಳುಗುವಷ್ಟು ನೀರಿನಲ್ಲಿ ಬಹಳ ಹೊತ್ತು ನಿಂತಳು.

"ಎಷ್ಟ ನೀರ ನೋಡ್ರಿ. ಯಾರೂ ಪಾಳಿ ಹಚ್ಚೂ ಹಂಗಿಲ್ಲ, ಯಾರೂ ಜಗಳಾಡೂ ಹಂಗಿಲ್ಲ."

"ಉಪ್ಪ ನೀರದು. ಕುಡದು ನೋಡ ಬೇಕಾದ್ರ," ಎಂದ ಅಪ್ಪ.

ಮರುದಿನ ಮಾಸ್ತರರ ಜೊತೆ ಮನೆ ಹುಡುಕಲು ಹೊರಟೆವು. ಊರು ಚಿತ್ರದ ಹಾಗಿತ್ತು, ನೀಲಿ ಗೋಡೆ, ಹಳದಿ ಗೋಡೆ, ಕಪ್ಪೆಚಿಪ್ಪು ಕೂಡಿಸಿದ ಕಿಟಕಿಗಳು. ಬಾಡಿಗೆ ಕೇಳಿದರೆ ಮಾತ್ರ ಅಪ್ಪ ಎರಡನೆಯ ಸಲ ಕೇಳುತ್ತಿದ್ದ, ತಪ್ಪು ಕೇಳಿಸಿತೇನೋ ಎಂದು. ಹೊರಗಿನಿಂದ ಬಂದ ಶ್ರೀಮಂತರು, ಪ್ರವಾಸಿಗರು ಎಲ್ಲ ಸೇರಿ ಆ ಊರಿನ ಎರಡು ಕೋಣೆಯ ಬೆಲೆಯನ್ನು ನಮ್ಮ ಓಣಿಯ ಇಡೀ ಮನೆಗಿಂತ ಮೇಲೆ ಏರಿಸಿದ್ದರು. ದಿಬ್ಬದ ಮೇಲಿನ ಒಂದು ಮನೆಯ ಒಡತಿ ಬಾಗಿಲನ್ನು ಅರ್ಧ ತೆರೆದು, ನಮ್ಮನ್ನು ಮೇಲಿಂದ ಕೆಳಗೆ ನೋಡಿ, ಹಿರೇಮಠ ಮಾಸ್ತರರಿಗೆ ಕೊಂಕಣಿಯಲ್ಲಿ ಏನೋ ಹೇಳಿದಳು. ಅದರಲ್ಲಿ ಒಂದು ಮಾತು ನಮಗೆಲ್ಲ ತಿಳಿಯಿತು. ಘಾಟಿ. ಘಟ್ಟದ ಮೇಲಿನವರು ಎಂದು. ಅವಳು ಅದನ್ನು ಹೇಳಿದ ರೀತಿಗೆ ಅರ್ಥ ಬೇರೆ ಬೇಕಿರಲಿಲ್ಲ. ಮಾಸ್ತರರು ನಾಚಿ, ಎಲ್ಲರೂ ಹೀಗಿಲ್ಲ ಎಂದರು. ಅಮರಗೋಳದಲ್ಲಿ ಸಾವಿರ ಚೀಲದ ಎದುರು ಎದೆ ಸೆಟೆಸಿ ನಿಲ್ಲುವ ನನ್ನ ಅಪ್ಪ ಆ ದಿಬ್ಬವನ್ನು ಇಳಿಯುವಾಗ ಯಾರ ಮುಖವನ್ನೂ ನೋಡಲಿಲ್ಲ.

ಸಂಜೆಗೆ ಒಂದು ಮನೆ ಸಿಕ್ಕಿತು. ಊರ ಹೊರಗೆ, ನದಿಯ ದಂಡೆಯಲ್ಲಿ, ಒಬ್ಬ ಮುದುಕಿಯ ಮನೆಯ ಹಿಂದಿನ ಎರಡು ಕೋಣೆ. ಆ ಮುದುಕಿ ನನಗೆ ತಿನ್ನಲು ತೆಂಗಿನಕಾಯಿಯ ಸಿಹಿ ಕೊಟ್ಟು ತಲೆ ಸವರಿದಳು. ಅವ್ವನ ಹೊಸ ಪಗಾರದ ಅರ್ಧಕ್ಕಿಂತ ಹೆಚ್ಚು ಬಾಡಿಗೆಗೇ ಹೋಗುವಂತಿತ್ತು. ಆದರೆ ಕಿಟಕಿಯ ಕೆಳಗೆ ಒಂದು ಮೇಜಿತ್ತು. ಅವ್ವ ಆ ಮೇಜಿನ ಮೇಲೆ ಕೈ ಆಡಿಸಿ ಅಪ್ಪನಿಗೆ ಹೇಳಿದಳು:

"ಎರಡ ಸೀರಿಯೊಳಗ ವರ್ಷ ತಗೀತೇನಿರಿ. ಸಂಜೀಕ ಗೌಂಡ್ಯಾರ ಹುಡುಗುರಿಗೆ ಪಾಠ ಹೇಳ್ತೇನಿ. ನೀವು ಹೂಂ ಅನ್ರಿ ಸಾಕು."

"ಊರಿಗೆ ಹೋಗಿ ವಿಚಾರ ಮಾಡೂಣು," ಎಂದ ಅಪ್ಪ. ಅವ್ವ ಅದನ್ನು ಅರ್ಧ ಹೂಂ ಎಂದುಕೊಂಡಳು. ಘಟ್ಟ ಹತ್ತುವಾಗ ಉದ್ದಕ್ಕೂ ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಮೆಲ್ಲಗೆ ಹಾಡಿಕೊಳ್ಳುತ್ತಿದ್ದಳು.

ಮನೆಗೆ ಬಂದ ಮೇಲೆ ಆಯಿ ಶುರುಮಾಡಿದಳು. ಮೀನು ತಿನ್ನುವವರ ಊರಿನಲ್ಲಿ ಲಿಂಗಪೂಜೆ ಹೇಗೆ, ನೆರೆಯ ಒಲೆಯ ಹೊಗೆ ನಮ್ಮ ಅನ್ನಕ್ಕೆ ಬಡಿಯುವುದಿಲ್ಲವೇ ಎಂಬಲ್ಲಿಂದ ಹಿಡಿದು ಹೆಂಡತಿಯ ಹಿಂದೆ ಗಂಟು ಹೊತ್ತು ಹೋಗುವ ಗಂಡಸಿನವರೆಗೆ ಎಲ್ಲ ಬಂತು. ಒಂದು ದಿನ ಮುಂಜಾನೆ ಅವ್ವ ಇಟ್ಟ ತಾಟನ್ನು ಆಯಿ ಕಾಲಿನಿಂದ ಸರಿಸಿದಳು.

"ನಾ ಸತ್ತ ಮ್ಯಾಲ ಹೋಗವಾ. ಲಗೂ ಸಾಯ್ಲಿ ಅಂತ ಬೇಡ್ಕೋ ಬೇಕಾದ್ರ."

"ಅತ್ತೀ, ನಿಮ್ಮನ್ನ ಬಿಟ್ಟ ಹೋಗತೇನಿ ಅಂತ ಯಾರ ಅಂದಾರ್ರಿ? ನೀವೂ ಬರ್ರಿ."

"ನಾ ಯಾಕ ಬರ್ಲಿ? ಇದು ನನ್ನ ಮನಿ!"

ಅವ್ವ ರೊಟ್ಟಿಯ ಚೂರುಗಳನ್ನು ಆರಿಸಿ ತಾಟಿಗೆ ಹಾಕಿಕೊಂಡು ಒಳಗೆ ಹೋದಳು. ಅಪ್ಪ ಅಲ್ಲಿಯೇ ಇದ್ದ. ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ, ಹಾಕಿಕೊಂಡು ಹೊರಗೆ ಹೋದ.

ದೀಪಾವಳಿಗೆ ಮುಂಚಿನ ಒಂದು ಶನಿವಾರ ಅಪ್ಪ ಶಾಲೆಯ ಹತ್ತಿರ ಬಂದು ನನ್ನನ್ನು ಸೈಕಲ್ಲಿನ ಮೇಲೆ ಕೂರಿಸಿಕೊಂಡು ಅಮರಗೋಳಕ್ಕೆ ಕರೆದುಕೊಂಡು ಹೋದ. ಹಿಂದೆಂದೂ ಕರೆದುಕೊಂಡು ಹೋಗಿರಲಿಲ್ಲ. ಮಾರುಕಟ್ಟೆಯ ಅಂಗಳದ ತುಂಬ ಮೆಣಸಿನಕಾಯಿ ಕೆಂಪಗೆ ಹರಡಿತ್ತು, ಮೂಗಿಗೆ ಕರವಸ್ತ್ರ ಕಟ್ಟಿಕೊಂಡ ಹೆಂಗಸರು ತೊಟ್ಟು ಮುರಿಯುತ್ತಿದ್ದರು. ಅಪ್ಪ ನನಗೆ ಗಿರಮಿಟ್ಟು, ಮಿರ್ಚಿ ಕೊಡಿಸಿ, ಖಾಲಿ ಚೀಲಗಳ ಒಟ್ಟಿಲ ಮೇಲೆ ಕೂರಿಸಿ, ತಾನು ಕೆಳಗೆ ನಿಂತ.

"ಸುಮೀ, ಇಲ್ಲೆ ನನಗ ಎಲ್ಲಾರೂ ಏನಂತಾರ?"

"ಅಣ್ಣಾರ ಅಂತಾರ."

"ಅಲ್ಲೆ ಆ ಹೆಂಗಸು ಏನಂದ್ಲು?"

ನಾನು ಕೈಯಲ್ಲಿದ್ದ ಮಿರ್ಚಿ ಕೆಳಗಿಟ್ಟೆ.

"ನಿಮ್ಮವ್ವ ಹೋಗತೇನಿ ಅಂದ್ರ ನಾ ತಡ್ಯಾಂವಲ್ಲ. ಆದ್ರ ನಾ ಬರೂದಿಲ್ಲ, ಇಲ್ಲೇ ಇರ್ತೇನಿ. ನೀ ಯಾರ ಕಡೆ ಇರ್ತೀ ಅನ್ನೂದು ನೀನ ನೋಡ್ಕೋಬೇಕವಾ."

ಇಷ್ಟು ಹೇಳಿ ಅವನು ಅತ್ತ. ಮೆಣಸಿನಕಾಯಿಯ ಘಾಟಿಗೆ ಅಲ್ಲಿ ಎಲ್ಲರ ಕಣ್ಣಲ್ಲೂ ನೀರಿರುತ್ತಿತ್ತು, ಆದರೂ ಅದು ಅಳುವೇ ಎಂದು ನನಗೆ ತಿಳಿಯಿತು. ಅಪ್ಪ ಅತ್ತದ್ದನ್ನು ನೋಡಿದ ಹನ್ನೆರಡರ ಹುಡುಗಿಗೆ ಆಮೇಲೆ ವಿಚಾರ ಮಾಡಲು ಏನೂ ಉಳಿಯುವುದಿಲ್ಲ.

ಹಬ್ಬ ಕಳೆದ ಮೇಲಿನ ರವಿವಾರ ಧಾರವಾಡದಿಂದ ಬಸಣ್ಣ ಕಾಕಾ ಬಂದ. ಅವನು ಅಪ್ಪನ ತಮ್ಮ. ಏನಾದರೂ ತೀರ್ಮಾನ ಆಗಬೇಕಾದರೆ ಅವನು ಬರುವುದು, ಅವ್ವ ಉಪ್ಪಿಟ್ಟು ಚಹಾ ಮಾಡುವುದು, ಗಂಡಸರು ಪಡಸಾಲೆಯಲ್ಲಿ ಕೂರುವುದು ನಮ್ಮಲ್ಲಿಯ ಪದ್ಧತಿ. ಆಯಿ ತನ್ನ ಜಾಗದಲ್ಲಿದ್ದಳು. ಅವ್ವ ಅಡುಗೆಮನೆಯ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಕಾಕಾ ಎರಡು ಸಲ ಕೆಮ್ಮಿ ಹೇಳಿದ:

"ವೈನೀ, ನಿಮ್ಮ ಹುಶಾರಿ ಬಗ್ಗೆ ಯಾರೂ ಏನೂ ಅನ್ನಾಕತ್ತಿಲ್ಲರಿ. ಆದ್ರ ಅಷ್ಟ ತುಟ್ಟಿ ಊರಾಗ ಒಬ್ಬರ ಪಗಾರದ ಮ್ಯಾಲ ಹೆಂಗ? ಅಣ್ಣ ಅಲ್ಲೆ ಹೋಗಿ ಏನ ಮಾಡಬೇಕು?"

"ಅಲ್ಲೂ ಮೆಣಸಿನಕಾಯಿ ತಿಂತಾರ್ರಿ," ಎಂದಳು ಅವ್ವ. "ನಮ್ಮ ಬ್ಯಾಡಗಿ ಮೆಣಸಿನಕಾಯಿನ ಅಲ್ಲೆ ಹೋಗತೈತಿ. ಇವರಂಥಾ ಕಣ್ಣಿದ್ದವರು ಆ ಪ್ಯಾಟ್ಯಾಗ ಒಬ್ಬರೂ ಇಲ್ಲ. ಒಂದ ವರ್ಷ ನೋಡೂಣು. ಬರಲಿಲ್ಲಂದ್ರ ತಿರುಗಿ ಬರೂಣು. ಹನ್ನೆರಡ ವರ್ಷ ಆತು, ನಾ ಏನೂ ಕೇಳಿಲ್ಲ."

ಪಡಸಾಲೆಯಲ್ಲಿ ಅವ್ವ ಅಷ್ಟು ಉದ್ದ ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಆಯಿ ಮುಖ ತಿರುಗಿಸಿದಳು. ಅಪ್ಪ ಬಸಿಯಲ್ಲಿಯ ಚಹಾ ನೋಡುತ್ತಿದ್ದ. ಆಗ ಅವ್ವ ಚೌಕಟ್ಟು ಬಿಟ್ಟು ಎರಡು ಹೆಜ್ಜೆ ಮುಂದೆ ಬಂದು, ಎಲ್ಲರನ್ನೂ ಬಿಟ್ಟು, ನನ್ನ ಕಡೆ ತಿರುಗಿದಳು.

"ಸುಮೀ, ನೀ ಹೇಳು. ನಾವು ಹೋಗೂಣೇನು?"

ನಾನು ಅಪ್ಪನನ್ನು ನೋಡಿದೆ. ಅವನು ತಲೆ ಎತ್ತಲಿಲ್ಲ.

"ನಾ ಒಲ್ಲೆ. ನಾ ಬರೂದಿಲ್ಲ," ಎಂದೆ. ಸಾಲದ್ದಕ್ಕೆ ಇನ್ನೊಂದು ಮಾತು ಸೇರಿಸಿದೆ: "ನೀ ಬೇಕಾದ್ರ ಹೋಗು."

ಅಪ್ಪ ಬಸಿ ಕೆಳಗಿಟ್ಟ.

"ಆತಲ್ಲ. ಹುಡುಗಿನ ಒಲ್ಲೆ ಅಂತೈತಿ. ಅದರ ಮನಸ್ಸ ಮುರದು ನಾವೇನ ಸುಖಾ ಪಡೂದು? ಬಿಡು."

ಅವ್ವ ಬಗ್ಗಿ ಕಪ್ಪು-ಬಸಿಗಳನ್ನು ಒಂದೊಂದಾಗಿ ಎತ್ತಿಕೊಂಡಳು. ನನ್ನ ಮುಂದಿನದನ್ನು ಬಿಟ್ಟು ಹೋದಳು.

ಆ ದಿನದಿಂದ ನಮ್ಮ ಮನೆಯಲ್ಲಿ ಜಗಳಗಳು ನಿಂತವು. ಆಯಿ ಅದನ್ನು ತನ್ನ ಗೆಲುವೆಂದು ತಿಳಿದಳು. ಅವ್ವ ಅಪ್ಪನಿಗೆ ಮೊದಲಿನ ಹಾಗೆಯೇ ಬಡಿಸಿದಳು, ಆಯಿಯ ಕಾಲು ಒತ್ತಿದಳು, ನೀರು ತುಂಬಿದಳು. ಬದಲಾದದ್ದು ನನಗೊಬ್ಬಳಿಗೇ. ನನ್ನ ಜಡೆ ಹಾಕುವುದನ್ನು ಬಿಟ್ಟಳು. ದೊಡ್ಡಾಕಿ ಆಗೀ, ನೀನ ಹಾಕ್ಕೋ ಎಂದಳು. ಸುಮಿ ಹೋಗಿ ಸುಮಂಗಲಾ ಆದೆ. ಶಾಲೆಯವರ ಜೊತೆ ಊರು ನೋಡಲು ಸಹಲಿಗೆ ಹೋಗಲೇ, ಹೊಸ ಪಾಟಿಚೀಲ ಬೇಕು, ಲೆಕ್ಕ ತಿಳಿಯುತ್ತಿಲ್ಲ, ಏನು ಕೇಳಿದರೂ ಒಂದೇ ಉತ್ತರ: ನಿಮ್ಮಪ್ಪನ ಕೇಳು. ಪಣಜಿ ಏನಾಯಿತು ಎಂದು ಯಾರು ವಿಚಾರಿಸಿದರೂ ನನ್ನೆದುರಿಗೇ ನಗುತ್ತ ಹೇಳುವಳು, 'ಸುಮಂಗಲಾ ಒಲ್ಲೆ ಅಂದ್ಲರಿ.' ಕೇಳಿದವರು ನನ್ನ ಕಡೆ ನೋಡುವರು. ಮರುವರ್ಷ ಅಪ್ಪ ಮಾಳಿಗೆಯ ಮೇಲೆ ನೀರಿನ ದೊಡ್ಡದೊಂದು ಕರಿ ಟಾಕಿ ಕೂರಿಸಿದ. ಇನ್ನ ನಿನಗ ನೀರಿಂದ ತ್ರಾಸಿಲ್ಲ ನೋಡು ಎಂದು ಅವ್ವನಿಗೆ ಹೇಳಿದ. ಅವಳು ಛಲೋ ಆತ್ರಿ ಎಂದಳು. ಮತ್ತೆ ಮೂರು ವರ್ಷಕ್ಕೆ, ಮಕ್ಕಳು ಕಡಿಮೆಯಾದರೆಂದು ಅವಳ ಶಾಲೆ ಅವಳನ್ನು ಕೈಬಿಟ್ಟಿತು. ಆ ಸಂಜೆಯೂ ಅವಳು ನನ್ನನ್ನು ಒಂದು ಸಲ ನೋಡಿದಳು, ಅಷ್ಟೇ.

ನಾನು ಅಂಥ ಹುಡುಗಿಯಾಗಿಯೇ ಬೆಳೆದೆ. ಯಾರಾದರೂ ನಿನಗೇನು ಅನ್ನಿಸುತ್ತದೆ ಎಂದರೆ ನಾನು ಕೇಳಿದವರ ಮುಖವನ್ನೇ ನೋಡುತ್ತಿದ್ದೆ. ಕಾಲೇಜಿನಲ್ಲಿ ಯಾವ ವಿಷಯ ಎಂದರೆ ನೀವು ಹೇಳಿದ್ದು, ಮದುವೆಗೆ ಯಾವ ಹುಡುಗ ಎಂದರೆ ನೀವು ನೋಡಿದ್ದು. ನನ್ನದೊಂದು ಮಾತಿಗೆ ಒಬ್ಬಳ ಬಾಳು ಹಾಳಾದದ್ದನ್ನು ನೋಡಿದ್ದೆ. ಇನ್ನೊಂದು ಮಾತಾಡುವ ಧೈರ್ಯ ನನಗಿರಲಿಲ್ಲ. ಧಾರವಾಡದ ಸರಕಾರಿ ಕಚೇರಿಯಲ್ಲಿ ನೌಕರಿ ಸಿಕ್ಕಿತು. ಅಲ್ಲಿ ನನಗೆ ಒಳ್ಳೆಯ ಹೆಸರಿತ್ತು, ಎದುರು ಮಾತಾಡದವಳು ಎಂದು. ಆಯಿ ಹೋದಳು. ಆಮೇಲೆ ಅಪ್ಪನೂ ಹೋದ, ಎದೆಯ ಬೇನೆಯಿಂದ, ಒಂದೇ ವಾರದಲ್ಲಿ. ಅವ್ವನನ್ನು ನಾನು ನನ್ನ ಮನೆಗೆ ಕರೆತಂದೆ. ಅವಳು ಬಂದಳು, ಕೊಟ್ಟ ಕೋಣೆಯಲ್ಲಿ ಅಚ್ಚುಕಟ್ಟಾಗಿ ಇದ್ದಳು, ನನ್ನ ಮಗಳ ಜಡೆ ಹಾಕಿದಳು.

ಅಪ್ಪ ಹೋದ ಎರಡು ವರ್ಷಕ್ಕೆ ಹುಬ್ಬಳ್ಳಿಯಲ್ಲಿ ಒಂದು ಮದುವೆಗೆ ಒಬ್ಬಳೇ ಹೋಗಿದ್ದೆ. ಪಂಕ್ತಿಯಲ್ಲಿ ನನ್ನ ಪಕ್ಕ ಕೂತ ಮುದುಕರು ನನ್ನ ಹೆಸರು ಕೇಳಿ ಊಟ ನಿಲ್ಲಿಸಿದರು. ಹಿರೇಮಠ ಮಾಸ್ತರರು.

"ಕಸ್ತೂರಿ ಅಕ್ಕೋರ ಮಗಳೇನವಾ? ಘಟ್ಟದಾಗ ವಾಂತಿ ಮಾಡ್ಕೊಂಡಾಕಿ?"

ನನಗೆ ಎಲೆಯ ಮುಂದೆಯೇ ಅಳು ಬಂತು. ಇಷ್ಟು ವರ್ಷ ಯಾರಿಗೂ ಹೇಳದ್ದನ್ನು ಅವರಿಗೆ ಹೇಳಿದೆ, ನನ್ನಿಂದಲೇ ಅವ್ವನ ನೌಕರಿ ಹೋಯಿತ್ರಿ, ನಾನೇ ಒಲ್ಲೆ ಅಂದೆ. ಮಾಸ್ತರರು ನನ್ನನ್ನು ವಿಚಿತ್ರವಾಗಿ ನೋಡಿದರು.

"ನೀ ಯಾವಾಗ ಅಂದೀ?"

"ದೀಪಾವಳಿ ಆದ ಮ್ಯಾಲರಿ. ಕಾಕಾ ಬಂದಿದ್ದ, ಮನ್ಯಾಗ ಮಾತಾತು."

"ದೀಪಾವಳಿ? ನೀವು ಬಂದು ಹೋದ ಐದಾರು ದಿನಕ್ಕ ನಿಮ್ಮಪ್ಪಾರ ಪತ್ರ ಬಂತಲ್ಲವಾ. ಅಕ್ಕೋರಿಗೆ ಮನಸ್ಸಿಲ್ಲ, ಬ್ಯಾರೆಯವರನ್ನ ನೋಡ್ಕೋರಿ ಅಂತ. ದೀಪಾವಳಿಗೆ ನಾವು ಬ್ಯಾರೆಯವರನ್ನ ತಗೊಂಡೂ ಆಗಿತ್ತು."

ನಾನು ಎದ್ದು ಕೈ ತೊಳೆದೆ. ಧಾರವಾಡದ ಬಸ್ಸಿನಲ್ಲಿ ಕೂತು ದಿನಗಳನ್ನು ಮತ್ತೆ ಮತ್ತೆ ಜೋಡಿಸಿದೆ. ಮೆಣಸಿನಕಾಯಿಯ ಅಂಗಳದಲ್ಲಿ ಅಪ್ಪ ಅತ್ತಾಗ ಪತ್ರ ಪಣಜಿ ಮುಟ್ಟಿಯಾಗಿತ್ತು. ಅವನಿಗೆ ನನ್ನ ಒಪ್ಪಿಗೆ ಬೇಕಾಗಿರಲಿಲ್ಲ. ಹೇಳಲು ಒಂದು ಹೆಸರು ಬೇಕಾಗಿತ್ತು. ಆ ಅಳು ಸುಳ್ಳಲ್ಲ ಎಂದು ನನಗೆ ಈಗಲೂ ಅನ್ನಿಸುತ್ತದೆ, ಅದಕ್ಕೇ ಸಿಟ್ಟು ಇನ್ನೂ ಹೆಚ್ಚು. ಸತ್ತವನನ್ನು ಕೇಳುವುದೆಂತು? ಆದರೂ ಆ ದಾರಿಯಲ್ಲಿ, ಹೇಳಲು ನಾಚಿಕೆ, ನನಗೆ ಸಂತೋಷವೂ ಆಗುತ್ತಿತ್ತು. ಇನ್ನು ಅವ್ವನಿಗೆ ಹೇಳುತ್ತೇನೆ, ತಪ್ಪು ನನ್ನದಲ್ಲ ಎಂದು ಅವಳಿಗೆ ತಿಳಿಯುತ್ತದೆ, ನನ್ನನ್ನು ಮತ್ತೆ ಸುಮಿ ಎಂದು ಕರೆಯುತ್ತಾಳೆ ಎಂದು.

ಅವ್ವ ಹಿಂದಿನ ಅಂಗಳದಲ್ಲಿ ಮೆಂತ್ಯಪಲ್ಲೆ ಸೋಸುತ್ತಿದ್ದಳು. ನಾನು ಮದುವೆಯ ಸೀರೆಯಲ್ಲೇ ನೆಲದ ಮೇಲೆ ಕೂತು ಎಲ್ಲ ಹೇಳಿದೆ. ಅವಳ ಕೈ ನಿಲ್ಲಲಿಲ್ಲ.

"ಮಾಸ್ತರರು ಆವಾಗನ ನನ್ನ ಸಾಲಿಗೆ ಒಂದ ಕಾರ್ಡ ಹಾಕಿದ್ರು," ಎಂದಳು. "ನೀವು ಒಲ್ಲೆ ಅಂದದ್ದು ಭಾಳ ಕೆಟ್ಟ ಅನಸ್ತು, ಬ್ಯಾರೆಯವರನ್ನ ತಗೊಂಡೇವಿ ಅಂತ. ನರಕಚತುರ್ದಶಿ ಹಿಂದಿನ ದಿನ ಬಂದಿತ್ತದು."

ನನಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ದಿನ ಎಣಿಸಿದೆ.

"ಅಂದ್ರ ಕಾಕಾ ಬಂದಾಗ... ನಿನಗ ಗೊತ್ತಿತ್ತು?"

"ಗೊತ್ತಿತ್ತು."

"ಮತ್ತ ಇಷ್ಟ ವರ್ಷ ನನ್ನ ಮ್ಯಾಲ ಯಾಕ ಹಾಕಿದೀ? ಅಪ್ಪಾನ ಯಾಕ ಒಂದ ಮಾತೂ ಕೇಳಲಿಲ್ಲ?"

"ಅವರ ಮ್ಯಾಲ ಸಿಟ್ಟ ಮಾಡಿದ್ರ ಆ ಮನ್ಯಾಗ ಇರಾಕ ಆಗತಿರಲಿಲ್ಲ. ಸಿಟ್ಟ ಎಲ್ಲೆರೇ ಇಡಬೇಕಲ್ಲ."

ಅವಳ ದನಿಯಲ್ಲಿ ಕ್ಷಮೆ ಕೇಳುವ ರೀತಿಯೂ ಇರಲಿಲ್ಲ, ಜಗಳದ ರೀತಿಯೂ ಇರಲಿಲ್ಲ. ನಾನು ಜೋರಾಗಿ, ಬಹುಶಃ ಜೀವನದಲ್ಲಿ ಮೊದಲ ಸಲ ಅಷ್ಟು ಜೋರಾಗಿ ಕೇಳಿದೆ:

"ಎಲ್ಲಾ ಮುಗದಿತ್ತಲ್ಲ! ಮುಗದದ್ದು ಗೊತ್ತಿತ್ತಲ್ಲ! ಮತ್ತ ಅವರೆಲ್ಲಾರ ಮುಂದ ನನ್ನ ಯಾಕ ಕೇಳಿದೀ, ಹೋಗೂಣೇನು ಅಂತ?"

ಅವ್ವನ ಕೈ ಈಗ ನಿಂತಿತು.

"ಒಬ್ಬರರೇ ಹೂಂ ಅನ್ನಲಿ ಅಂತ," ಎಂದಳು.

"ನಾ ಹನ್ನೆರಡ ವರ್ಷದಾಕಿ ಇದ್ನಲ್ಲವ್ವಾ."

"ಹೌದು," ಎಂದಳು ಅವ್ವ. "ನಿನ್ನ ಕೇಳಬಾರದಿತ್ತು. ಆದ್ರ ಆ ಮನ್ಯಾಗ ಕೇಳಾಕ ನನಗ ಬ್ಯಾರೆ ಯಾರಿದ್ರು?"